ಮಸಿ, ಹಾಳೆ, ಹಲಗೆ

ಧಾರವಾಡದ ಕಡೆಯ ನಮ್ಮ ಸಣ್ಣ ಸಭೆಯಲ್ಲಿ ಗುರುವಾರ ಸಂಜೆ ಏಳೆಂಟು ಜನ ಸೇರುತ್ತೇವೆ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ಅದರ ಮೂಲ ಭಾಷೆ ಗ್ರೀಕಿನಿಂದ ಓದಿ ಕನ್ನಡದಲ್ಲಿ ಹೇಳುವುದು ನನ್ನ ಪಾಲಿನ ಕೆಲಸ. ಅದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟೆ. ಎಡಕ್ಕೆ ಗ್ರೀಕ್, ಬಲಕ್ಕೆ ಕನ್ನಡ. ಒಂದು ಪದಕ್ಕೆ ಒಂದೇ ಪದ, ಎಲ್ಲ ಕಡೆ ಅದೇ. ಈ ನಿಯಮ ಮುರಿದದ್ದು ಬರವಣಿಗೆಗೆ ಸಂಬಂಧಪಟ್ಟ ಪದಗಳಲ್ಲೇ.

'ಗ್ರಾಮ್ಮಾ' ಅಂದರೆ ಅಕ್ಷರ, ಬಹುವಚನ 'ಗ್ರಾಮ್ಮಾತಾ'. ಗಲಾತ್ಯದ ಸಭೆಗಳಿಗೆ ಬರೆದ ಪತ್ರದಲ್ಲಿ (ಗಲಾತ್ಯ 6:11, ಅಂದರೆ ಆರನೇ ಅಧ್ಯಾಯ, ಹನ್ನೊಂದನೇ ವಚನ) ಪೌಲ, ನನ್ನ ಕೈಯಾರೆ ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೇನೆ ನೋಡಿ ಅನ್ನುತ್ತಾನೆ. ಸರಿಯಾಗಿ ಕೂತಿತು. ಯೋಹಾನ 7:15ರಲ್ಲಿ ಜನ ಯೇಸುವನ್ನು ನೋಡಿ, ಕಲಿಯದವನಿಗೆ ಗ್ರಾಮ್ಮಾತಾ ಹೇಗೆ ಗೊತ್ತು ಅಂತ ಬೆರಗಾಗುತ್ತಾರೆ. ಅಲ್ಲೂ ಕೂತಿತು, ನಾವೂ 'ನಾಲ್ಕಕ್ಷರ ಕಲಿತವನು' ಅನ್ನುತ್ತೇವಲ್ವಾ? ಲೂಕ 16ಕ್ಕೆ ಬಂದಾಗ ಸಿಕ್ಕಿಬಿದ್ದೆ. ಕೆಲಸ ಕಳೆದುಕೊಳ್ಳಲಿರುವ ಮನೆವಾರ್ತೆಯವನು, ಅಂದರೆ ಧಣಿಯ ಲೆಕ್ಕ ನೋಡಿಕೊಳ್ಳುವವನು, ನೂರು ಅಳತೆ ಎಣ್ಣೆಯ ಸಾಲಗಾರನನ್ನು ಕರೆದು, ನಿನ್ನ ಗ್ರಾಮ್ಮಾತಾ ತಗೊಂಡು ಬೇಗ ಐವತ್ತು ಅಂತ ಬರೆ ಅನ್ನುತ್ತಾನೆ. 'ನಿನ್ನ ಅಕ್ಷರಗಳನ್ನು ತಗೋ' ಅಂತ ಓದಿದೆ. ಎಲ್ಲರೂ ನನ್ನ ಮುಖ ನೋಡಿದರು.

ನಮ್ಮ ಗುಂಪಿನಲ್ಲಿ ರಿಜಿಸ್ಟ್ರಾರ್ ಕಚೇರಿ ಮುಂದೆ ಕೂತು ಬಾಂಡ್ ಬರೆದು ಜೀವನ ಸಾಗಿಸಿದ ಹಿರಿಯರೊಬ್ಬರಿದ್ದಾರೆ. "ಸರ, ಅದು ಸಾಲದ ಚೀಟಿ ಅಲ್ಲೇನ್ರಿ?" ಅಂದರು. ಹೌದು, ಅದೇ. ಆ ದಿನ ನೋಟ್‌ಬುಕ್ಕಿನ ಬಲಗಡೆ ಮೊದಲ ಸಲ ಎರಡು ಪದ ಬರೆದೆ.

ಕೊಲೊಸ್ಸೆ 2:14ರ 'ಖೈರೋಗ್ರಾಫೋನ್'ಗೂ ಅವರೇ ನೆರವಾದರು. ಪದದ ಒಳಗೆ ಕೈ ಇದೆ, ಬರಹ ಇದೆ. ಸಾಲ ತಗೊಂಡವನೇ ತನ್ನ ಕೈಯಿಂದ ಬರೆದುಕೊಡುವ ಪತ್ರ ಅದು. ನಾನು 'ಋಣಪತ್ರ' ಅಂತ ಹಾಕಿದ್ದೆ. ಅದರಲ್ಲಿ ಕೈಯೇ ಇಲ್ಲ. ಕೊನೆಗೆ 'ಕೈಯಾರೆ ಬರೆದುಕೊಟ್ಟ ಸಾಲದ ಪತ್ರ' ಅಂತ ಉದ್ದವಾಗಿಯೇ ಬಿಟ್ಟೆ.

ಆ ಪತ್ರವನ್ನು ದೇವರು ಏನು ಮಾಡಿದ? 'ರದ್ದು ಮಾಡಿದ' ಅಂತ ಬರೆದಿದ್ದೆ, ಅದು ಬ್ಯಾಂಕಿನ ಮಾತಾಯಿತು. ಗ್ರೀಕಿನ ಕ್ರಿಯಾಪದ 'ಎಕ್ಸಲೈಫೋ'. ಇದರ ಅರ್ಥ ಹಿಡಿಯಬೇಕಾದರೆ ಮಸಿ ಎಂಥದು ಅಂತ ಗೊತ್ತಿರಬೇಕು. ಆಗ ಸಾಮಾನ್ಯವಾಗಿ ಹೊಗೆಯ ಕಾಡಿಗೆ, ಅಂಟು, ನೀರು ಕಲಸಿ ಮಸಿ ಮಾಡುತ್ತಿದ್ದರು. ಅದು ಹಾಳೆಯ ಮೇಲೆ ನಿಲ್ಲುತ್ತಿತ್ತೇ ಹೊರತು ಒಳಗೆ ಇಳಿಯುತ್ತಿರಲಿಲ್ಲ. ಒದ್ದೆ ಮಾಡಿ ಒರೆಸಿದರೆ ಹೋಗುತ್ತಿತ್ತು. ಅಂದರೆ 'ಒರೆಸಿಬಿಟ್ಟ'. ಪ್ರಕಟನೆ 21:4ರಲ್ಲಿ ಕಣ್ಣೀರು ಒರೆಸುವುದಕ್ಕೂ ಇದೇ ಕ್ರಿಯಾಪದ. ಒಂದಕ್ಕೊಂದೇ ಅನ್ನುವ ನನ್ನ ಹಳೇ ನಿಯಮ ಇಲ್ಲಿ ಮಾತ್ರ ಗೆದ್ದಿತು, ನನಗೆ ಒಳಗೊಳಗೇ ಖುಷಿ.

ಮಸಿಗೆ ಗ್ರೀಕಿನಲ್ಲಿ 'ಮೆಲಾನ್', ಅಂದರೆ ಸುಮ್ನೆ 'ಕಪ್ಪು'. ನಮ್ಮ ಪಾತ್ರೆಯ ತಳದಲ್ಲಿ ಹಿಡಿಯುವುದೂ ಮಸಿಯೇ. ಪಾರಸಿಯಿಂದ ಬಂದ ಶಾಯಿಯ ಮೂಲ ಅರ್ಥವೂ ಕಪ್ಪು. ಎರಡರಲ್ಲಿ ನಾನು ಮಸಿಯನ್ನೇ ಇಟ್ಟುಕೊಂಡೆ.

2 ಯೋಹಾನ 12ರಲ್ಲಿ ಮಸಿಯ ಜೊತೆ 'ಖಾರ್ತೇಸ್' ಬರುತ್ತದೆ. ಅದು ಪಪೈರಸ್ ಗಿಡದ ತಿರುಳನ್ನು ಸೀಳಿ, ಅಡ್ಡ ಉದ್ದ ಜೋಡಿಸಿ, ಒತ್ತಿ ಒಣಗಿಸಿದ ಹಾಳೆ. ಕಾಗದ ಅಂದರೆ ತಪ್ಪು, ಆ ಕಾಲದಲ್ಲಿ ಆ ಕಡೆಗೆ ಕಾಗದ ಇನ್ನೂ ಬಂದಿರಲಿಲ್ಲ. ಓಲೆ ಅಂದರೆ ತಾಳೆಗರಿ ಕಣ್ಣಿಗೆ ಬರುತ್ತದೆ. 'ಹಾಳೆ' ಸಾಕು ಅನ್ನಿಸಿತು. ಅಡಿಕೆ ಮರದ್ದೂ ಹಾಳೆಯೇ, ನೋಟ್‌ಬುಕ್ಕಿನದ್ದೂ ಹಾಳೆಯೇ. ಗಿಡದ ವಾಸನೆ ಸ್ವಲ್ಪವಾದರೂ ಉಳಿಯಿತು. 2 ತಿಮೊಥೆ 4:13ರ 'ಮೆಂಬ್ರಾನಾ'ಕ್ಕೆ ತೊಗಲಿನ ಹಾಳೆ ಅಂದೆ, ತಕರಾರು ಬರಲಿಲ್ಲ.

ತಕರಾರು ಬಂದದ್ದು ಲೂಕ 1:63ಕ್ಕೆ. ಮಾತು ಕಟ್ಟಿಹೋದ ಜಕರೀಯ ಮಗನ ಹೆಸರು ಬರೆಯಲು 'ಪಿನಕಿದಿಯೋನ್' ಕೇಳುತ್ತಾನೆ. ಮೇಣ ಹಚ್ಚಿದ ಮರದ ಪುಟ್ಟ ಹಲಗೆ ಇರಬೇಕು. ಮೇಣದ ಮೇಲೆ ಮೊನೆಯಿಂದ ಗೀರುತ್ತಿದ್ದರು. 'ಹಲಗೆ ಕೇಳಿದನು' ಅಂದೆ. ಒಬ್ಬ ಹುಡುಗ ಕಿಸಕ್ಕನೆ ನಕ್ಕ. ನಮ್ಮ ಕಡೆ ಹಲಗಿ ಅಂದರೆ ಬಾರಿಸುವ ವಾದ್ಯ! 'ಪಾಟಿ' ಅನ್ನೋಣ ಅಂದರು ಕೆಲವರು. ಪಾಟಿ ಅಂದರೆ ಕಲ್ಲಿನ ಸ್ಲೇಟು, ಬೆಂಗಳೂರು ಕಡೆಯವರಿಗೆ ಅದೂ ಗೊತ್ತಾಗಲ್ಲ. 'ಬರೆಯುವ ಹಲಗೆ'ಗೆ ರಾಜಿಯಾದೆವು.

ಕನ್ನಡ ತಾನಾಗಿಯೇ ಕೈ ಹಿಡಿದ ಜಾಗವೂ ಒಂದಿದೆ. ಯೋಹಾನ 8:6ರಲ್ಲಿ ಯೇಸು ಬಗ್ಗಿ ಬೆರಳಿನಿಂದ ನೆಲದ ಮೇಲೆ ಏನೋ ಮಾಡುತ್ತಾನೆ. ಅಕ್ಷರವೋ, ಚಿತ್ರವೋ, ಬರೀ ಗೆರೆಯೋ? ಗ್ರೀಕ್ ಕ್ರಿಯಾಪದ ಅದನ್ನು ಬಿಟ್ಟುಕೊಡುವುದಿಲ್ಲ. ಇಂಗ್ಲಿಷಿನಲ್ಲಿ ಹೇಳುವವರು ಒಂದನ್ನು ಆರಿಸಲೇಬೇಕು. ನಾವು ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. 'ನೆಲದ ಮೇಲೆ ಬರೆಯುತ್ತಿದ್ದನು', ಅಷ್ಟೇ.

'ಗೆಗ್ರಾಪ್ತಾಯ್' ಕೂಡ ಹಾಗೇ. ಸೈತಾನನಿಗೆ ಯೇಸು ಮೂರು ಸಲ ಉತ್ತರಿಸುವ ಮಾತಿದು. ಮೊದಲು ನಾನು 'ಬರೆಯಲ್ಪಟ್ಟಿದೆ' ಅಂತ ಹಾಕಿ ನಾಲಿಗೆ ತಿರುಚಿಕೊಂಡಿದ್ದೆ. ಯಾವಾಗಲೋ ಬರೆದದ್ದು, ಈಗಲೂ ಹಾಗೇ ಇದೆ, ಬರೆದವರು ಯಾರು ಅಂತ ಹೇಳಿಲ್ಲ. ಗೋಡೆ ತೋರಿಸಿ ನಾವು ಅನ್ನುವ 'ಬರೆದಿದೆ'ಯಲ್ಲಿ ಇದೆಲ್ಲ ಇದೆ.

ಇನ್ನು 'ಗ್ರಾಮ್ಮಾತೆಯುಸ್' ಬಾಕಿ. ಪದದ ಮೂಲ ಅರ್ಥ ಬರೆಯುವವನು. ಸುವಾರ್ತೆಗಳಲ್ಲಿ ಆತ ನಮ್ಮ ಬೈಬಲಿನ 'ಶಾಸ್ತ್ರಿ', ಅಂದರೆ ಯೆಹೂದ್ಯರ ಧರ್ಮಶಾಸ್ತ್ರ ಬಲ್ಲವನು. ಅಪೊಸ್ತಲರ ಕೃತ್ಯ 19:35ರಲ್ಲಿ ಎಫೆಸದ ಗದ್ದಲವನ್ನು ತಣಿಸುವ ನಗರದ ಅಧಿಕಾರಿಗೂ ಇದೇ ಪದ. ಅವನನ್ನು ಶಾಸ್ತ್ರಿ ಅನ್ನಲು ಬರುವುದಿಲ್ಲ. ಸದ್ಯಕ್ಕೆ ಪೆನ್ಸಿಲಿನಲ್ಲಿ 'ಶಾನುಭೋಗ?' ಅಂತ ಬರೆದಿಟ್ಟಿದ್ದೇನೆ. ಬಾಂಡ್ ಬರೆಯುತ್ತಿದ್ದ ಹಿರಿಯರು ಒಪ್ಪಿಲ್ಲ. ಶಾನುಭೋಗರ ಮಾತಿಗೆ ಅಷ್ಟು ಜನ ಸುಮ್ಮನಾಗೋದಿಲ್ಲ ಅನ್ನೋದು ಅವರ ವಾದ.