ಇಶಾದಿಂದ ಫಜರ್‌ವರೆಗೆ: ಮಲಗುವ ಸುನ್ನತ್‌ಗಳನ್ನು ಮನೆಯಲ್ಲಿ ರೂಢಿ ಮಾಡಿಕೊಳ್ಳುವುದು ಹೇಗೆ?

ಮಲಗುವ ಮುಂಚೆ ಓದುವ ದುಆ (ಪ್ರಾರ್ಥನೆ) ಹೆಚ್ಚಿನ ಮುಸ್ಲಿಂ ಮಕ್ಕಳಿಗೆ ಮದ್ರಸಾದಲ್ಲೇ ಬಾಯಿಪಾಠ ಆಗಿರುತ್ತದೆ. ಆದರೆ ಪ್ರವಾದಿ ಮುಹಮ್ಮದ್ (ಸ) ಕಲಿಸಿಕೊಟ್ಟ ರಾತ್ರಿಯ ಕ್ರಮದಲ್ಲಿ ಆ ದುಆ ಬರುವುದು ಕೊನೆಕೊನೆಗೆ. ಅದಕ್ಕೆ ಮುಂಚೆ ಬಾಗಿಲು ಹಾಕಬೇಕು, ಬೆಂಕಿ ಆರಿಸಬೇಕು, ಪಾತ್ರೆ ಮುಚ್ಚಬೇಕು, ಹಾಸಿಗೆ ಕೊಡವಬೇಕು. ನನಗೆ ಈ ಕ್ರಮದಲ್ಲಿ ತುಂಬಾ ಹಿಡಿಸುವುದು ಇದೇ. ಮನೆಯನ್ನು ಅಲ್ಲಾಹನ ಕೈಗೆ ಒಪ್ಪಿಸುವ ಮುಂಚೆ ನಮ್ಮ ಕೈಯಲ್ಲಿ ಆಗುವ ಕೆಲಸವನ್ನು ನಾವೇ ಮಾಡಿ ಮುಗಿಸಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಶಾ, ಅಂದರೆ ರಾತ್ರಿಯ ನಮಾಜ್, ಫರ್ಜ್ (ಕಡ್ಡಾಯ), ಅದನ್ನು ಬಿಡುವ ಹಾಗಿಲ್ಲ. ಇಲ್ಲಿ ಹೇಳುವ ಉಳಿದ ಹೆಚ್ಚಿನ ವಿಷಯಗಳು ಸುನ್ನತ್, ಅಂದರೆ ಪ್ರವಾದಿಯವರ ರೂಢಿಗಳು, ಕಡ್ಡಾಯವಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ರಾತ್ರಿ ಶುರು ಮಾಡಬೇಕೆಂದು ಹೊರಡಬೇಡಿ. ಎರಡು ಮೂರು ಹಿಡಿದುಕೊಳ್ಳಿ, ಅವು ಕೈಗೆ ಹತ್ತಿದ ಮೇಲೆ ಮುಂದಿನದು.

ಇಶಾ ಆದ ಮೇಲೆ

ಇಶಾಗೆ ಮುಂಚೆ ನಿದ್ದೆ ಮಾಡುವುದು, ಇಶಾ ಆದ ಮೇಲೆ ಹರಟೆಗೆ ಕೂರುವುದು, ಎರಡೂ ಪ್ರವಾದಿಯವರಿಗೆ ಇಷ್ಟ ಇರಲಿಲ್ಲ. ಸಹಾಬಿ (ಪ್ರವಾದಿಯವರ ಸಂಗಾತಿ) ಅಬೂ ಬರ್ಜಾ ಹೇಳಿದ ಈ ಮಾತು ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿದೆ; ಹದೀಸ್ ಅಂದರೆ ಪ್ರವಾದಿಯವರ ಮಾತು, ನಡೆಗಳ ವರದಿ. ಕಾರಣ ಸರಳ: ಮುಂಚೆ ಮಲಗಿದರೆ ಇಶಾ ತಪ್ಪಬಹುದು, ಆಮೇಲೆ ಹರಟೆ ಹೊಡೆದರೆ ಬೆಳಗಿನ ಜಾವದ ಫಜರ್ ನಮಾಜ್ ತಪ್ಪಬಹುದು. ನಮ್ಮ ಊರುಗಳಲ್ಲಿ ಇಶಾ ಜಮಾಅತ್ (ಸಾಮೂಹಿಕ ನಮಾಜ್) ಎಂಟು, ಎಂಟೂವರೆಗೆ ಮುಗಿದಿರುತ್ತದೆ. ರಾತ್ರಿ ಊಟ ಅಷ್ಟರೊಳಗೆ ಆಗಿಬಿಟ್ಟರೆ ಹತ್ತಕ್ಕೆ ಮಲಗುವುದು ಕಷ್ಟವೇನಲ್ಲ. ಊಟ ಒಂಬತ್ತೂವರೆಗೆ ಜಾರಿದರೆ ಉಳಿದದ್ದೆಲ್ಲ ಜಾರುತ್ತದೆ. ಆದ್ದರಿಂದ ಮಲಗುವ ಹೊತ್ತು ಬದಲಿಸಬೇಕು ಅನ್ನುವವರು ಮೊದಲು ಊಟದ ಹೊತ್ತು ಬದಲಿಸಿ.

ಹಾಗೆಂದು ಇಶಾ ಆದ ಕೂಡಲೇ ಮನೆಯಲ್ಲಿ ಮಾತೇ ನಿಲ್ಲಬೇಕು ಅಂತಲ್ಲ. ಚಿಕ್ಕ ಹುಡುಗನಾಗಿದ್ದ ಇಬ್ನು ಅಬ್ಬಾಸ್ ಒಂದು ರಾತ್ರಿ ಚಿಕ್ಕಮ್ಮ, ಪ್ರವಾದಿಯವರ ಹೆಂಡತಿ ಮೈಮೂನಾ ಅವರ ಮನೆಯಲ್ಲಿ ಉಳಿದಿದ್ದರು. ಪ್ರವಾದಿಯವರು ಮನೆಗೆ ಬಂದು ಹೆಂಡತಿಯ ಜೊತೆ ಸ್ವಲ್ಪ ಹೊತ್ತು ಮಾತಾಡಿ, ಆಮೇಲೆ ಮಲಗಿದರು ಎಂದು ಇಬ್ನು ಅಬ್ಬಾಸ್ ಅವರೇ ಹೇಳಿದ್ದಾರೆ. ಮನೆಯವರ ಜೊತೆ ಮಾತು, ಅತಿಥಿಗಳ ಉಪಚಾರ, ಮಕ್ಕಳ ಓದು, ಇವಕ್ಕೆ ಅಡ್ಡಿಯಿಲ್ಲ. ಅಡ್ಡಿ ಇರುವುದು ಹೊತ್ತು ಕೊಲ್ಲುವ ಹರಟೆಗೆ. ಈಗ ಆ ಹರಟೆ ಮೊಬೈಲಿನೊಳಗೆ ಬಂದು ಕೂತಿದೆ, ಅಲ್ವಾ? ವುಜೂ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವುದು) ಮಾಡುವ ಮುಂಚೆ ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಬಂದುಬಿಡಿ. ಅಲಾರಂಗೆ ಒಂದು ಸಾದಾ ಗಡಿಯಾರ ಸಾಕು.

ಇಶಾ ಆದ ಮೇಲೆ ಮಾಡುವ ವಿತ್ರ್ ನಮಾಜನ್ನು ರಾತ್ರಿಯ ಕೊನೆಗೆ ಎದ್ದು ಮಾಡುತ್ತೇನೆ ಎಂಬ ಭರವಸೆ ಇಲ್ಲದವರು ಮಲಗುವ ಮುಂಚೆಯೇ ಮಾಡಿ ಮುಗಿಸಲಿ. ವಿತ್ರ್ ಮಾಡದೆ ಮಲಗಬೇಡ ಎಂದು ಪ್ರವಾದಿಯವರು ಸಹಾಬಿ ಅಬೂ ಹುರೈರಾ ಅವರಿಗೆ ಹೇಳಿದ್ದರು. ಬಯಲುಸೀಮೆಯಲ್ಲಿ ಹೆಚ್ಚಾಗಿರುವ ಹನಫಿ ಮಝ್‌ಹಬ್‌ನವರಿಗೆ (ಮಝ್‌ಹಬ್ ಅಂದರೆ ಇಸ್ಲಾಮಿ ಕಾನೂನಿನ ಒಂದು ಪಂಥ) ವಿತ್ರ್ ವಾಜಿಬ್, ಅಂದರೆ ಮಾಡಲೇಬೇಕಾದದ್ದು, ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಅನುಸರಿಸುವ ಶಾಫಿ ಮಝ್‌ಹಬ್‌ನಲ್ಲಿ ಸುನ್ನತ್.

ಮನೆ ಒಂದು ಸುತ್ತು ನೋಡಿ

ಮದೀನಾದಲ್ಲಿ ಒಂದು ರಾತ್ರಿ ಒಂದು ಮನೆ, ಒಳಗೆ ಜನ ಇರುವಾಗಲೇ ಸುಟ್ಟುಹೋಯಿತು. ಸುದ್ದಿ ತಿಳಿದ ಪ್ರವಾದಿಯವರು, ‘ಈ ಬೆಂಕಿ ನಿಮ್ಮ ಶತ್ರು, ಮಲಗುವಾಗ ಅದನ್ನು ಆರಿಸಿಬಿಡಿ’ ಅಂದರು. ಇನ್ನೊಂದು ಹದೀಸಿನಲ್ಲಿ ಬೆಂಕಿ ಹತ್ತುವ ಬಗೆಯನ್ನೂ ಹೇಳಿದ್ದಾರೆ: ಇಲಿ ಬಂದು ದೀಪದ ಬತ್ತಿಯನ್ನು ಎಳೆದುಕೊಂಡು ಹೋಗುತ್ತದೆ, ಮನೆಗೆ ಬೆಂಕಿ ಹತ್ತುತ್ತದೆ. ಎಣ್ಣೆ ದೀಪದ ಕಾಲದಲ್ಲಿ ಇದು ನಿಜವಾಗಿ ಆಗುತ್ತಿದ್ದದ್ದೇ.

ಈಗ ಬತ್ತಿಯ ಜಾಗದಲ್ಲಿ ಬೇರೆ ವಸ್ತುಗಳಿವೆ. ಗ್ಯಾಸ್ ರೆಗ್ಯುಲೇಟರ್ ಆಫ್ ಆಗಿದೆಯೇ ನೋಡಿ. ಸಂಜೆಯ ಮಗ್ರಿಬ್ ಹೊತ್ತಿಗೆ ಲೋಬಾನ ಹಾಕಿದ್ದರೆ ಆ ಕೆಂಡ ಪೂರ್ತಿ ಆರಿದೆಯೇ ನೋಡಿ. ಸೊಳ್ಳೆ ಬತ್ತಿಯನ್ನು ಚಾದರ, ಪರದೆ ತಾಗುವ ಕಡೆ ಇಡಬೇಡಿ. ಇಡಲೇಬೇಕಾದರೆ ಸ್ಟೀಲ್ ತಟ್ಟೆಯ ನಡುವೆ ಇಟ್ಟು ಹಾಸಿಗೆಯಿಂದ ದೂರ ಇಡಿ. ದಿಂಬಿನ ಕೆಳಗೆ ಫೋನ್ ಚಾರ್ಜ್ ಆಗುವುದಂತೂ ಬೇಡವೇ ಬೇಡ. ಚಳಿಗಾಲದಲ್ಲಿ ಬಾಣಂತಿ ಕೋಣೆಯಲ್ಲಿ ಕೆಂಡದ ಬಾಣಲೆ ಇಟ್ಟು ಕಿಟಕಿ ಮುಚ್ಚುವ ರೂಢಿ ಕೆಲವು ಮನೆಗಳಲ್ಲಿದೆ. ಬೆಂಕಿ ಹತ್ತದಿದ್ದರೂ ಅದರ ಹೊಗೆಯೇ ಜೀವ ತೆಗೆಯಬಲ್ಲದು. ಮಲಗುವ ಮುಂಚೆ ಹೊರಗೆ ಇಟ್ಟುಬಿಡಿ.

ಆಮೇಲೆ ಬಾಗಿಲು. ‘ಬಿಸ್ಮಿಲ್ಲಾಹ್’ ಹೇಳಿ ಚಿಲಕ ಹಾಕಿ. ಅಲ್ಲಾಹನ ಹೆಸರು ಹೇಳಿ ಮುಚ್ಚಿದ ಬಾಗಿಲನ್ನು ಶೈತಾನ ತೆರೆಯುವುದಿಲ್ಲ ಎಂದು ಸಹಾಬಿ ಜಾಬಿರ್ ಅವರು ತಿಳಿಸಿದ ಹದೀಸಿನಲ್ಲಿದೆ. ಅದೇ ಹದೀಸಿನಲ್ಲಿ ನೀರಿನ ಚೀಲದ ಬಾಯಿ ಕಟ್ಟಿ, ಪಾತ್ರೆ ಮುಚ್ಚಿ ಅಂತಲೂ ಇದೆ. ಮುಚ್ಚಲು ಏನೂ ಸಿಗದಿದ್ದರೆ ಅಲ್ಲಾಹನ ಹೆಸರು ಹೇಳಿ ಪಾತ್ರೆಯ ಮೇಲೆ ಅಡ್ಡಲಾಗಿ ಒಂದು ಕಡ್ಡಿಯನ್ನಾದರೂ ಇಡಿ ಎನ್ನುತ್ತದೆ. ಅಷ್ಟು ಬಡ ಮನೆಯವರಿಗೂ ಪಾಲಿಸಲು ಆಗಬೇಕು ಎಂಬ ಕಾಳಜಿ ಆ ಒಂದು ಕಡ್ಡಿಯಲ್ಲಿ ಕಾಣುತ್ತದೆ. ಕುಡಿಯುವ ನೀರಿನ ಬಿಂದಿಗೆ, ಉಳಿದ ಸಾರು, ಹಾಲಿನ ಪಾತ್ರೆ, ಎಲ್ಲಕ್ಕೂ ತಟ್ಟೆ ಮುಚ್ಚಿ.

ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವವರಿಗೆ ಇನ್ನೊಂದು ಮಾತು. ತಡೆಗೋಡೆ ಇಲ್ಲದ ಮಾಳಿಗೆಯ ಮೇಲೆ ಮಲಗಬಾರದೆಂದು ಪ್ರವಾದಿಯವರು ಎಚ್ಚರಿಸಿದ್ದಾರೆ. ಮಕ್ಕಳಿದ್ದರೆ ಇದರಲ್ಲಿ ಯಾವ ರಿಯಾಯಿತಿಯೂ ಬೇಡ.

ವುಜೂ ಮತ್ತು ಹಾಸಿಗೆ

ಊಟದ ಜಿಡ್ಡು ಕೈಯಲ್ಲಿ ಇಟ್ಟುಕೊಂಡೇ ಮಲಗಿ ಏನಾದರೂ ಆದರೆ ತನ್ನನ್ನೇ ದೂರಿಕೊಳ್ಳಲಿ ಎಂಬ ಹದೀಸ್ ಇದೆ. ಆದ್ದರಿಂದ ಮೊದಲು ಕೈ, ಬಾಯಿ ಚೆನ್ನಾಗಿ ತೊಳೆದು ಹಲ್ಲುಜ್ಜಿ. ಆಮೇಲೆ ನಮಾಜಿಗೆ ಮಾಡುವ ಹಾಗೆಯೇ ವುಜೂ ಮಾಡಿ. ನಲ್ಲಿ ಬಿಟ್ಟುಕೊಂಡು ಮಾಡಬೇಕಾಗಿಲ್ಲ. ಪ್ರವಾದಿಯವರು ವುಜೂಗೆ ಬಳಸುತ್ತಿದ್ದದ್ದು ಒಂದು ಮುದ್ದ್, ಅಂದರೆ ಎರಡೂ ಕೈ ಜೋಡಿಸಿದ ಬೊಗಸೆಯಷ್ಟು ನೀರು. ನಮಗೆ ಒಂದು ಚೊಂಬು ಧಾರಾಳವಾಯಿತು. ದಂಪತಿಗಳಿಗೆ ಸ್ನಾನ ಕಡ್ಡಾಯವಾಗಿದ್ದರೂ ಆ ರಾತ್ರಿ ಮಾಡಲಾಗದಿದ್ದರೆ, ತೊಳೆದುಕೊಂಡು ವುಜೂ ಮಾಡಿ ಮಲಗಬಹುದು. ಫಜರ್ ನಮಾಜಿಗೆ ಮುಂಚೆ ಸ್ನಾನ ಆಗಬೇಕು ಅಷ್ಟೇ.

ಹಾಸಿಗೆಗೆ ಬಂದ ಕೂಡಲೇ ಮಲಗಬೇಡಿ. ನೀವು ಇಲ್ಲದಿದ್ದಾಗ ಅಲ್ಲಿಗೆ ಏನು ಬಂದಿದೆಯೋ ಗೊತ್ತಿಲ್ಲ, ಉಟ್ಟ ಬಟ್ಟೆಯ ಒಳ ಅಂಚಿನಿಂದ ಹಾಸಿಗೆ ಕೊಡವಿ ಎಂದು ಅಬೂ ಹುರೈರಾ ಅವರ ಹದೀಸ್ ಹೇಳುತ್ತದೆ. ಲುಂಗಿಯ ಅಂಚು, ದುಪಟ್ಟಾ, ಒಂದು ಟವೆಲ್, ಯಾವುದಾದರೂ ಆದೀತು. ‘ಬಿಸ್ಮಿಲ್ಲಾಹ್’ ಹೇಳಿ ಮೂರು ಸಲ ಕೊಡವಿ. ದಿಂಬನ್ನು ತಿರುಗಿಸಿ ನೋಡಿ, ಹೊದಿಕೆ ಬಿಚ್ಚಿ ಕೊಡವಿ. ಮಲೆನಾಡಿನಲ್ಲಿ ಮಳೆಗಾಲದ ಜರಿ, ಚೇಳು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಲಗುವುದು ಬಲ ಮಗ್ಗುಲಿಗೆ. ಬಲ ಅಂಗೈ ಬಲ ಕೆನ್ನೆಯ ಕೆಳಗೆ. ಆಗ ಹೇಳುವ ಚಿಕ್ಕ ದುಆ ಇದು: ‘ಅಲ್ಲಾಹುಮ್ಮ ಬಿಸ್ಮಿಕ ಅಮೂತು ವ ಅಹ್‌ಯಾ.’ ಅಲ್ಲಾಹನೇ, ನಿನ್ನ ಹೆಸರಿನಲ್ಲೇ ಸಾಯುತ್ತೇನೆ, ನಿನ್ನ ಹೆಸರಿನಲ್ಲೇ ಬದುಕುತ್ತೇನೆ ಎಂದು ಅರ್ಥ. ನಿದ್ದೆಯಲ್ಲಿ ಅಲ್ಲಾಹನು ಆತ್ಮಗಳನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಾನೆ, ಕೆಲವನ್ನು ಉಳಿಸಿಕೊಂಡು ಉಳಿದವನ್ನು ಹಿಂದಕ್ಕೆ ಕಳಿಸುತ್ತಾನೆ ಎಂದು ಖುರ್‌ಆನಿನ 39ನೇ ಅಧ್ಯಾಯದ 42ನೇ ಆಯತ್ (ವಚನ) ಹೇಳುತ್ತದೆ. ಆ ಆಯತ್ ನೆನಪಿದ್ದರೆ ಈ ನಾಲ್ಕು ಶಬ್ದಗಳನ್ನು ಯಾರೂ ಅವಸರದಲ್ಲಿ ಹೇಳಿ ಮುಗಿಸಲಾರರು.

ಬೋರಲು ಮಲಗುವುದನ್ನು ಪ್ರವಾದಿಯವರು ಇಷ್ಟಪಡಲಿಲ್ಲ. ಬಲ ಮಗ್ಗುಲಿನ ವಿಷಯದಲ್ಲಿ ಕೆಲವರಿಗೆ ಚಿಂತೆ ಇರುತ್ತದೆ. ನಿದ್ದೆಯಲ್ಲಿ ಮಗ್ಗುಲು ಬದಲಾದರೆ ತಪ್ಪೇನಿಲ್ಲ, ಮಲಗುವಾಗ ಬಲಕ್ಕೆ ಮಲಗಿದರಾಯಿತು. ಎಡಕ್ಕೆ ಮಲಗಲು ಡಾಕ್ಟರು ಹೇಳಿದ್ದರೆ ಗರ್ಭಿಣಿಯರು, ಹುಳಿತೇಗಿನ ತೊಂದರೆ ಇರುವವರು ಹಾಗೆಯೇ ಮಲಗಲಿ. ಎಳೆ ಮಗುವನ್ನು ಅಂಗಾತ ಮಲಗಿಸುವುದೇ ಸುರಕ್ಷಿತ. ಕಾಯಿಲೆಯವರಿಗೆ ಕಷ್ಟ ಕೊಡುವುದು ಸುನ್ನತ್‌ನ ಉದ್ದೇಶ ಅಲ್ಲ.

ಏನು ಓದಬೇಕು?

ಹಾಸಿಗೆಯ ಮೇಲೆ ಕೂತು ದುಆಗೆ ಹಿಡಿಯುವ ಹಾಗೆ ಎರಡೂ ಅಂಗೈ ಜೋಡಿಸಿ. ಇಖ್ಲಾಸ್, ಫಲಖ್, ನಾಸ್ ಎಂಬ ಮೂರು ಚಿಕ್ಕ ಸೂರಾಗಳನ್ನು (ಖುರ್‌ಆನಿನ ಅಧ್ಯಾಯಗಳನ್ನು) ಓದಿ ಅಂಗೈಗೆ ಮೆಲ್ಲನೆ ಊದಿ. ತಲೆಯಿಂದ ಶುರು ಮಾಡಿ ಮುಖ, ಎದೆ, ಕೈಗೆ ಎಟುಕಿದಷ್ಟು ಮೈಯೆಲ್ಲ ಸವರಿಕೊಳ್ಳಿ. ಹೀಗೆ ಮೂರು ಸಲ. ಪ್ರವಾದಿಯವರು ಪ್ರತಿ ರಾತ್ರಿ ಹೀಗೆ ಮಾಡುತ್ತಿದ್ದರು, ಕಾಯಿಲೆ ಬಿದ್ದಾಗ ತನ್ನಿಂದ ಮಾಡಿಸಿಕೊಳ್ಳುತ್ತಿದ್ದರು ಎಂದು ಪ್ರವಾದಿಯವರ ಹೆಂಡತಿ ಆಯಿಷಾ ಅವರು ಹೇಳಿದ್ದಾರೆ. ಹಾಗಾಗಿ ಮನೆಯಲ್ಲಿ ಕೈ ಎತ್ತಲಾಗದ ಅಜ್ಜಿ, ದಾದಿಯೋ ನಾನಿಯೋ, ಇದ್ದರೆ, ಅವರಿಗೆ ಇದನ್ನು ಮಾಡುವ ಕೆಲಸವನ್ನು ಮೊಮ್ಮಕ್ಕಳಿಗೆ ವಹಿಸಿ.

ಆಯತುಲ್ ಕುರ್ಸಿ ಎರಡನೆಯದು. ಅದು ಬಖರಾ ಅಧ್ಯಾಯದ 255ನೇ ಆಯತ್. ಇದನ್ನು ಓದಿ ಮಲಗಿದವರ ಮೇಲೆ ಬೆಳಗಾಗುವ ತನಕ ಅಲ್ಲಾಹನ ಕಾವಲು ಇರುತ್ತದೆ. ಅದೇ ಅಧ್ಯಾಯದ ಕೊನೆಯ ಎರಡು ಆಯತ್‌ಗಳನ್ನು, ಅಂದರೆ 285 ಮತ್ತು 286 ಅನ್ನು, ರಾತ್ರಿ ಓದಿದವರಿಗೆ ಅವೇ ಸಾಕು ಎಂಬ ಹದೀಸೂ ಇದೆ. ಹೊತ್ತಿದ್ದವರು 30 ಆಯತ್‌ಗಳ ಸೂರಾ ಮುಲ್ಕ್ ಓದಲಿ. ಮುಟ್ಟಿನ ದಿನಗಳಲ್ಲಿ ದುಆ, ತಸ್ಬೀಹ್ (ಅಲ್ಲಾಹನ ಸ್ಮರಣೆಯ ಜಪ) ಇವಕ್ಕೆ ಏನೂ ತಡೆಯಿಲ್ಲ. ಖುರ್‌ಆನ್ ಓದುವ ವಿಷಯದಲ್ಲಿ ಮಝ್‌ಹಬ್‌ಗಳ ಅಭಿಪ್ರಾಯ ಬೇರೆ ಬೇರೆ ಇರುವುದರಿಂದ ನಿಮ್ಮ ಮಝ್‌ಹಬ್‌ನ ಆಲಿಮರನ್ನು (ಧಾರ್ಮಿಕ ವಿದ್ವಾಂಸರನ್ನು) ಕೇಳಿ.

ಇವೆಲ್ಲದರ ನಡುವೆ ಒಂದನ್ನು ಮಾತ್ರ ಆರಿಸಿಕೊಳ್ಳಿ ಅಂದರೆ ನಾನು ಪ್ರವಾದಿಯವರ ಮಗಳು ಫಾತಿಮಾ ಅವರ ತಸ್ಬೀಹನ್ನು ಆರಿಸುತ್ತೇನೆ. ಬೀಸುವ ಕಲ್ಲು ತಿರುಗಿಸಿ ತಿರುಗಿಸಿ ಫಾತಿಮಾ ಅವರ ಕೈ ನೋಯುತ್ತಿತ್ತು. ಕೆಲಸಕ್ಕೆ ಒಬ್ಬ ಆಳು ಬೇಕೆಂದು ಕೇಳಲು ತಂದೆಯ ಮನೆಗೆ ಹೋದರು. ತಂದೆ ಇರಲಿಲ್ಲ. ಆಯಿಷಾ ಅವರಿಗೆ ಹೇಳಿ ವಾಪಸ್ ಬಂದರು. ವಿಷಯ ತಿಳಿದು ಪ್ರವಾದಿಯವರು ರಾತ್ರಿ ಮಗಳ ಮನೆಗೆ ಬಂದಾಗ ಗಂಡ ಹೆಂಡತಿ ಆಗಲೇ ಮಲಗಿದ್ದರು. ಏಳಲು ಹೋದರೆ, ಹಾಗೇ ಇರಿ ಅಂದರು. ಇಬ್ಬರ ನಡುವೆ ಕೂತರು. ಅವರ ಪಾದದ ತಂಪು ನನ್ನ ಎದೆಗೆ ತಾಗಿತು ಎಂದು ಫಾತಿಮಾ ಅವರ ಗಂಡ ಅಲೀ ನೆನಪಿಸಿಕೊಂಡಿದ್ದಾರೆ. ಆಳಿಗಿಂತ ಒಳ್ಳೆಯದನ್ನು ಹೇಳಿಕೊಡಲೇ ಎಂದು ಕೇಳಿ ಪ್ರವಾದಿಯವರು ಕಲಿಸಿದ್ದು ಇದನ್ನು: ಮಲಗುವಾಗ ಸುಬ್‌ಹಾನಲ್ಲಾಹ್ 33 ಸಲ, ಅಲ್‌ಹಮ್ದುಲಿಲ್ಲಾಹ್ 33 ಸಲ, ಅಲ್ಲಾಹು ಅಕ್ಬರ್ 34 ಸಲ. ಅಲೀ ಅದನ್ನು ಮುಂದೆಂದೂ ಬಿಡಲಿಲ್ಲ. ಸಿಫ್ಫೀನ್ ಯುದ್ಧದ ರಾತ್ರಿಯೂ ಬಿಡಲಿಲ್ಲವೇ ಎಂದು ಒಬ್ಬರು ಕೇಳಿದರು. ಆ ರಾತ್ರಿಯೂ ಬಿಡಲಿಲ್ಲ ಎಂದರು.

ದಿನವಿಡೀ ಅಡುಗೆಮನೆ, ಹೊಲ, ಬೀಡಿ ಕಟ್ಟುವ ಕೆಲಸದಲ್ಲಿ ಬೆನ್ನು ಬಾಗಿಸಿದವರಿಗಾಗಿಯೇ ಬಂದ ತಸ್ಬೀಹ್ ಇದು ಅನಿಸುತ್ತದೆ. ಮಣಿ ಬೇಕಾಗಿಲ್ಲ. ಮಲಗಿಕೊಂಡೇ ಬೆರಳ ಗೆಣ್ಣು ಎಣಿಸುತ್ತಾ ಹೇಳಬಹುದು.

ಎಲ್ಲ ಮುಗಿದ ಮೇಲೆ, ಆ ರಾತ್ರಿಯ ನಿಮ್ಮ ಕೊನೆಯ ಮಾತಾಗಿ ಹೇಳಬೇಕಾದ ದುಆವನ್ನು ಪ್ರವಾದಿಯವರು ಸಹಾಬಿ ಬರಾ ಬಿನ್ ಆಝಿಬ್ ಅವರಿಗೆ ಕಲಿಸಿದ್ದರು. ಅರಬಿಯಲ್ಲಿ ಸ್ವಲ್ಪ ಉದ್ದ ಇದೆ, ಮದ್ರಸಾದ ಉಸ್ತಾದರ ಹತ್ತಿರ ಕೇಳಿ ಕಲಿಯಿರಿ. ಅರ್ಥ ಹೀಗೆ: ‘ಅಲ್ಲಾಹನೇ, ನನ್ನನ್ನು ನಿನಗೆ ಒಪ್ಪಿಸಿದ್ದೇನೆ. ನನ್ನ ಕೆಲಸವನ್ನು ನಿನಗೆ ವಹಿಸಿದ್ದೇನೆ. ನಿನ್ನ ಮೇಲಿನ ಆಸೆಯಿಂದ, ನಿನ್ನ ಭಯದಿಂದ ನನ್ನ ಬೆನ್ನನ್ನು ನಿನಗೇ ಆನಿಸಿದ್ದೇನೆ. ನಿನ್ನಿಂದ ಓಡಿಹೋಗಲು ನಿನ್ನ ಹೊರತು ಬೇರೆ ಜಾಗವಿಲ್ಲ. ನೀನು ಇಳಿಸಿದ ಗ್ರಂಥವನ್ನೂ ನೀನು ಕಳಿಸಿದ ಪ್ರವಾದಿಯನ್ನೂ ನಂಬಿದ್ದೇನೆ.’ ಇದಾದ ಮೇಲೆ ಮಾತು ಬೇಡ.

ಮಕ್ಕಳ ವಿಷಯ

ಹತ್ತು ವರ್ಷ ಆದ ಮೇಲೆ ಮಕ್ಕಳಿಗೆ ಬೇರೆ ಬೇರೆ ಹಾಸಿಗೆ ಇರಬೇಕು. ಒಂದೇ ಕೋಣೆಯ ಮನೆಯಾದರೆ ಬೇರೆ ಚಾಪೆ, ಬೇರೆ ಹೊದಿಕೆ ಕೊಟ್ಟರಾಯಿತು. ಫಜರ್‌ಗೆ ಮುಂಚೆ, ಮಧ್ಯಾಹ್ನ ಬಟ್ಟೆ ಸಡಿಲಿಸಿ ಮಲಗುವಾಗ, ಇಶಾ ಆದ ಮೇಲೆ, ಈ ಮೂರು ಹೊತ್ತಿನಲ್ಲಿ ಚಿಕ್ಕ ಮಕ್ಕಳೂ ಕೇಳಿಯೇ ಒಳಗೆ ಬರಬೇಕು ಎಂದು ಖುರ್‌ಆನಿನ ನೂರ್ ಅಧ್ಯಾಯದ 58ನೇ ಆಯತ್‌ನಲ್ಲಿದೆ. ಗದರಿಸಿ ಕಲಿಸುವ ಪಾಠ ಅಲ್ಲ ಇದು. ಅಪ್ಪ ಅಮ್ಮ ಮಕ್ಕಳ ಕೋಣೆಗೆ ಹೋಗುವಾಗ ತಾವೂ ಬಾಗಿಲು ತಟ್ಟಿದರೆ ಮಕ್ಕಳು ತಾವಾಗಿಯೇ ಕಲಿಯುತ್ತಾರೆ.

ಕೆಟ್ಟ ಕನಸು ಬಿದ್ದರೆ

ಎಡಕ್ಕೆ ಮೂರು ಸಲ ಹಗುರವಾಗಿ ಉಗಿದ ಹಾಗೆ ಮಾಡಿ, ಶೈತಾನನಿಂದ ಅಲ್ಲಾಹನ ರಕ್ಷಣೆ ಕೇಳಿ, ಮಗ್ಗುಲು ಬದಲಿಸಿ. ಆ ಕನಸನ್ನು ಯಾರಿಗೂ ಹೇಳಬೇಡಿ, ಅದರಿಂದ ಕೆಡುಕಾಗುವುದಿಲ್ಲ. ನಿದ್ದೆ ಮತ್ತೆ ಹತ್ತದಿದ್ದರೆ ಎದ್ದು ಎರಡು ರಕಅತ್ (ನಮಾಜಿನ ಸುತ್ತು) ನಮಾಜ್ ಮಾಡಿ. ಒಳ್ಳೆಯ ಕನಸು ಬಿದ್ದರೆ ನಿಮ್ಮನ್ನು ಪ್ರೀತಿಸುವವರಿಗೆ ಮಾತ್ರ ಹೇಳಿ. ಕನಸಿಗೆ ಅರ್ಥ ಹೇಳುತ್ತೇನೆಂದು ದುಡ್ಡು ಕೇಳುವವರ ಹತ್ತಿರ ಖಂಡಿತ ಹೋಗಬೇಡಿ.

ಏಳುವಾಗ

ಕಣ್ಣು ಬಿಟ್ಟ ಕೂಡಲೇ ಕೈಯಿಂದ ಮುಖ ಸವರಿಕೊಂಡು ಹೇಳಿ: ‘ಅಲ್‌ಹಮ್ದುಲಿಲ್ಲಾಹಿಲ್ಲಝೀ ಅಹ್‌ಯಾನಾ ಬಅದ ಮಾ ಅಮಾತನಾ ವ ಇಲೈಹಿನ್ನುಶೂರ್.’ ಸಾವಿನ ನಂತರ ನಮಗೆ ಜೀವ ಕೊಟ್ಟ ಅಲ್ಲಾಹನಿಗೆ ಸ್ತುತಿ, ಎದ್ದು ಹೋಗಬೇಕಾದ್ದು ಅವನ ಕಡೆಗೇ. ಬಕೆಟ್ಟಿಗೆ ಕೈ ಹಾಕುವ ಮುಂಚೆ ಕೈಯನ್ನು ಮೂರು ಸಲ ತೊಳೆಯಿರಿ, ರಾತ್ರಿ ಕೈ ಎಲ್ಲೆಲ್ಲಿ ತಾಗಿದೆಯೋ ಗೊತ್ತಿರುವುದಿಲ್ಲ. ಮೂಗಿಗೆ ನೀರೆಳೆದು ಮೂರು ಸಲ ಊದಿ ಹೊರಹಾಕಿ. ಮಿಸ್ವಾಕ್ (ಹಲ್ಲುಜ್ಜುವ ಕಡ್ಡಿ) ಇದ್ದರೆ ಹಲ್ಲುಜ್ಜಿ. ಮಲಗಿದವರ ತಲೆಯ ಹಿಂದೆ ಶೈತಾನ ಮೂರು ಗಂಟು ಹಾಕುತ್ತಾನೆ, ಅಲ್ಲಾಹನನ್ನು ನೆನೆದಾಗ ಒಂದು, ವುಜೂ ಮಾಡಿದಾಗ ಇನ್ನೊಂದು, ನಮಾಜ್ ಮಾಡಿದಾಗ ಮೂರನೆಯದು ಬಿಚ್ಚುತ್ತದೆ ಎಂದು ಪ್ರವಾದಿಯವರು ಹೇಳಿದ್ದಾರೆ. ಅಜಾನ್ ಕೇಳಿದ ಮೇಲೆ ‘ಇನ್ನು ಐದೇ ನಿಮಿಷ’ ಎಂದು ಹೊದ್ದುಕೊಂಡರೆ ಮೂರೂ ಹಾಗೇ ಉಳಿಯುತ್ತವೆ. ಅಲಾರಂ ಗಡಿಯಾರವನ್ನು ಕೈಗೆ ಎಟುಕದ ಕಡೆ, ಬಚ್ಚಲಿನ ಹಾದಿಯಲ್ಲಿಡಿ.

ಬೆಳಿಗ್ಗೆ ಬೇಗ ಎದ್ದವರಿಗೆ ಮಧ್ಯಾಹ್ನದ ಖೈಲೂಲಾ (ಚಿಕ್ಕ ನಿದ್ದೆ) ಇದೆ. ಸಹಾಬಿಗಳು ಶುಕ್ರವಾರ ಜುಮಾ ನಮಾಜ್ ಮುಗಿಸಿ ಬಂದ ಮೇಲೆಯೇ ಊಟ ಮಾಡಿ ಮಲಗುತ್ತಿದ್ದರು ಎಂದು ಸಹಾಬಿ ಸಹ್ಲ್ ಬಿನ್ ಸಅದ್ ಹೇಳಿದ್ದಾರೆ. ಅಂಗಡಿಯವರಾದರೆ ಗಿರಾಕಿ ಕಡಿಮೆ ಇರುವ ಎರಡು ಗಂಟೆಯ ಹೊತ್ತಿಗೆ ಇಪ್ಪತ್ತು ನಿಮಿಷ ಮಲಗಿದರೂ ಸಾಕು. ಸಂಜೆಗೆ ಮುಂಚಿನ ಅಸರ್ ನಮಾಜಿನವರೆಗೆ ಎಳೆಯಬೇಡಿ, ರಾತ್ರಿ ಹತ್ತಕ್ಕೆ ನಿದ್ದೆ ಬರುವುದಿಲ್ಲ.