ಜಲ್ಲಿಯ ಕೆಳಗಿನ ಕಬ್ಬಿಣ: ಕೈಯುನಾದಲ್ಲಿ ನನ್ನ ಅನುಭವ

ಸಂಡೂರಿನ ಗಣಿಗಳಲ್ಲಿ ಭೂವಿಜ್ಞಾನದ ಕೆಲಸ ಮಾಡಿದವರಿಗೆ ಒಂದು ಅಭ್ಯಾಸ ಮೈಗೂಡಿರುತ್ತದೆ. ಹೊಲದಲ್ಲಿ ಅದಿರಿನ ತುಂಡು ಸಿಕ್ಕರೆ ಕಣ್ಣು ತಾನಾಗಿ ಬೆಟ್ಟದ ಕಡೆ ಹೋಗುತ್ತದೆ. ಅಲ್ಲಿ ನಾವು ಇದನ್ನು ಫ್ಲೋಟ್ ಓರ್ ಅಂತೀವಿ. ಮಳೆ, ಇಳಿಜಾರು ಎರಡೂ ಸೇರಿ ಮೇಲಿಂದ ಇಳಿಸಿದ ಅದಿರು. ತುಂಡಿನ ಜಾಡು ಹಿಡಿದು ಮೇಲೆ ಹತ್ತಿದರೆ ಎಲ್ಲೋ ಒಂದು ಕಡೆ ಮೂಲ ಬಂಡೆ ಸಿಗುತ್ತದೆ.

ಅಮೆರಿಕದ ಮಿನ್ನೆಸೋಟಾ ರಾಜ್ಯಕ್ಕೆ ಬಂದ ಮೇಲೆ ನಾನು ಬಿಡುವಿನ ದಿನಗಳಲ್ಲಿ ಸುತ್ತಿದ್ದು ಕೈಯುನಾ ಕಬ್ಬಿಣದ ಪಟ್ಟಿಯಲ್ಲಿ. ಕ್ರಾಸ್‌ಬಿ, ಐರನ್‌ಟನ್, ಡೀರ್‌ವುಡ್ ಎಂಬ ಸಣ್ಣ ಊರುಗಳ ಸುತ್ತಮುತ್ತಲಿನ ಜಾಗ. ಇಲ್ಲಿ ಹತ್ತೋಣ ಅಂದರೆ ಬೆಟ್ಟವೇ ಇಲ್ಲ. ಕೆರೆ, ಜೌಗು, ಪೈನ್ ಮರ, ಅಷ್ಟೇ. ಕಬ್ಬಿಣದ ಬಂಡೆ ಸುಮಾರು 190 ಕೋಟಿ ವರ್ಷ ಹಳೆಯದು, ಅದರ ಹೆಸರು ಟ್ರಾಮಾಲ್ಡ್ ಸ್ತರ. ಅದು ಪೂರ್ತಿ ನೆಲದಡಿಯಲ್ಲಿದೆ. ಮೇಲೆ ಹಿಮಯುಗದ ಹಿಮಹಾಸು ಬಿಟ್ಟುಹೋದ ಜೇಡಿ, ಮರಳು, ಜಲ್ಲಿ, ಗುಂಡುಕಲ್ಲು. ಕೆಲವು ಕಡೆ ಈ ಹೊದಿಕೆ 100 ಅಡಿಗೂ ದಪ್ಪ.

ಆ ಜಲ್ಲಿಯಲ್ಲೂ ಕಬ್ಬಿಣದ ಕಲ್ಲು ಸಿಗುತ್ತದೆ, ತಮಾಷೆ ಅಂದರೆ ಅದೇ. ಕೆಂಪು, ಭಾರ, ಪಟ್ಟೆ ಪಟ್ಟೆ. ಕೈಯಲ್ಲಿ ಹಿಡಿದರೆ ಸಂಡೂರಿನ ದೋಣಿಮಲೈ ಗಣಿ ನೆನಪಾಗುತ್ತದೆ. ಆದರೆ ಅದು ಸಿಕ್ಕ ಜಾಗದಡಿ ಅದಿರಿದೆ ಎಂದು ಹೇಳುವಂತಿಲ್ಲ. ಇಲ್ಲಿ ಕಲ್ಲನ್ನು ತಂದದ್ದು ಇಳಿಜಾರಲ್ಲ, ಹಿಮ. ಹಿಮ ಏರನ್ನೂ ಹತ್ತುತ್ತದೆ, ಹಳ್ಳವನ್ನೂ ದಾಟುತ್ತದೆ. ಜೊತೆಗೆ ಅದು ಒಂದೇ ದಿಕ್ಕಿನಿಂದ ಬಂದದ್ದೂ ಅಲ್ಲ. ಹಾಗಾಗಿ ಅದಿರು ಎಲ್ಲಿದೆ ಎಂದು ಕೇಳುವುದಕ್ಕೂ ಮೊದಲು ಈ ಜಲ್ಲಿ ಎಲ್ಲಿಂದ ಬಂತು ಎಂದು ಕೇಳಬೇಕಾಯಿತು. ನಾನು ಶುರು ಮಾಡಿದ್ದು ಅಲ್ಲಿಂದ.

ಕಲ್ಲು ಎಣಿಸುವುದು ತುಂಬಾ ಸರಳ ಕೆಲಸ, ಬೇಜಾರಿನ ಕೆಲಸವೂ ಹೌದು. ಮಾಲೀಕರ ಒಪ್ಪಿಗೆ ಪಡೆದು ಜಲ್ಲಿ ಗುಂಡಿಗೆ ಹೋಗುತ್ತಿದ್ದೆ. ಗೋಡೆಯಲ್ಲಿ ಒಂದು ಪದರ ಆರಿಸಿ, ಎರಡು ಜರಡಿ ಹಿಡಿದು ಒಂದೇ ಅಳತೆಯ ಕಲ್ಲುಗಳನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದೆ. ಕಣ್ಣಿಗೆ ಚೆಂದ ಕಂಡದ್ದನ್ನು ಹೆಕ್ಕಬಾರದು, ಜರಡಿಯಲ್ಲಿ ನಿಂತದ್ದನ್ನೆಲ್ಲ ಎಣಿಸಬೇಕು. ಪ್ರತಿ ಕಲ್ಲನ್ನೂ ಒಡೆದು ಹೊಸ ಮುಖವನ್ನು ಲೆನ್ಸಿನಲ್ಲಿ ನೋಡುವುದು. ಒಂದು ಹನಿ ತೆಳು ಆಮ್ಲ ಬಿಟ್ಟು ನೊರೆ ಬರುತ್ತದಾ ನೋಡುವುದು. ದಾರದಲ್ಲಿ ಕಟ್ಟಿದ ಅಯಸ್ಕಾಂತ ವಾಲುತ್ತದಾ ನೋಡುವುದು. ಕೊನೆಗೆ ಹೊಳಪಿಲ್ಲದ ಬಿಳಿ ಟೈಲ್ಸ್ ಮೇಲೆ ಗೀಚುವುದು. ಕಬ್ಬಿಣದ ಖನಿಜಗಳಲ್ಲಿ ಹೆಮಟೈಟ್ ಕೆಂಪು ಗೆರೆ ಎಳೆಯುತ್ತದೆ, ಗೋಥೈಟ್ ಹಳದಿ ಕಂದು, ಅಯಸ್ಕಾಂತವನ್ನು ಸೆಳೆಯುವ ಮ್ಯಾಗ್ನಟೈಟ್ ಕಪ್ಪು.

ಪುಸ್ತಕ ತುಂಬಿದಂತೆ ಗುಂಪುಗಳು ಬಿಡಿಸಿಕೊಂಡವು. ಕೆಂಪು ಮರಳುಗಲ್ಲು, ಬಸಾಲ್ಟ್, ಕೆಂಪು ರಯೋಲೈಟ್, ನಡುವೆ ಅಗೇಟ್ ಬಂದರೆ ಅದು ಸುಪೀರಿಯರ್ ಸರೋವರದ ತಗ್ಗಿನಿಂದ ಬಂದ ಹಿಮದ ಸರಕು. ಅಲ್ಲಿನ ಲಾವಾ ಸುಮಾರು 110 ಕೋಟಿ ವರ್ಷ ಹಳೆಯದು, ಅಗೇಟ್ ಅದರ ಗುಳ್ಳೆಗಳಲ್ಲಿ ಬೆಳೆದದ್ದು. ಗ್ರಾನೈಟ್, ಗ್ಯಾಬ್ರೊ, ಹಸಿರುಕಲ್ಲು ಜಾಸ್ತಿ ಇದ್ದರೆ ಅದು ಈಶಾನ್ಯದಿಂದ ಬಂದ ರೇನಿ ಹಿಮನಾಲಿಗೆಯ, ಅಂದರೆ ಹಿಮಹಾಸಿನಿಂದ ಮುಂದೆ ಚಾಚಿದ ಒಂದು ಭಾಗದ, ಸರಕು. ಸುಣ್ಣಕಲ್ಲು ನೊರೆಯೆದ್ದು, ಜೊತೆಗೆ ಬೂದು ಶೇಲ್ ಸಿಕ್ಕರೆ ವಾಯುವ್ಯದ ಕಡೆಯ ಹಿಮ, ಕೆನಡಾದ ವಿನ್ನಿಪೆಗ್ ಬಯಲಿನ ಸರಕು.

ಕಬ್ಬಿಣದ ಕಲ್ಲನ್ನು ಈ ಲೆಕ್ಕದೊಳಗೆ ಇಟ್ಟು ನೋಡಬೇಕು. ರೇನಿ ಹಿಮ ಬಂದ ದಾರಿಯಲ್ಲೇ ದೊಡ್ಡ ಮೆಸಾಬಿ ಕಬ್ಬಿಣದ ಪಟ್ಟಿ ಇದೆ. ಹಾಗಾಗಿ ಕ್ರಾಸ್‌ಬಿಯ ಜಲ್ಲಿಯಲ್ಲಿ ಸಿಕ್ಕ ಕೆಂಪು ಕಲ್ಲು ಮೆಸಾಬಿಯಿಂದ ಸವಾರಿ ಬಂದದ್ದೂ ಆಗಿರಬಹುದು. ಲೆನ್ಸಿನಲ್ಲಿ ರವೆಯಂಥ ಸಣ್ಣ ಕಾಳುಗಳು ಕಂಡರೆ ನನ್ನ ಅನುಮಾನ ಮೆಸಾಬಿಯ ಮೇಲೆ. ಇನ್ನೊಂದು ವಿಷಯ ಇದೆ. ಜಲ್ಲಿ ಗುಂಡಿಯ ಕಲ್ಲನ್ನು ಹಿಮದ ನಂತರ ಕರಗಿದ ನೀರೂ ಹೊತ್ತಿರುತ್ತದೆ. ಅಂದರೆ ಎರಡು ಪ್ರಯಾಣ. ಜಾಡು ಹಿಡಿಯಬೇಕಾದರೆ ನೀರು ತೊಳೆಯದ, ಜೇಡಿಯಲ್ಲಿ ಕಲಸಿಹೋದ ಟಿಲ್ ಪದರವೇ ವಾಸಿ. ಅಗೆಯಲು ಕಷ್ಟ, ಆದರೆ ಅದರ ಮಾತು ಜಾಸ್ತಿ ನಂಬಿಕೆಗೆ ಅರ್ಹ.

ಹಾಗಾದರೆ ಕೈಯುನಾವನ್ನು ಕಂಡುಹಿಡಿದದ್ದು ಹೇಗೆ? ಕಲ್ಲು ಹೆಕ್ಕಿ ಅಲ್ಲ. ಕೈಲರ್ ಆಡಮ್ಸ್ ಎಂಬಾತ ಡೀರ್‌ವುಡ್ ಸುತ್ತ ತನ್ನ ದಿಕ್ಸೂಚಿ ತಪ್ಪು ದಿಕ್ಕು ತೋರಿಸುವುದನ್ನು ಗಮನಿಸಿದ. ವರ್ಷಗಟ್ಟಲೆ ನಡೆದು ಆ ಏರುಪೇರನ್ನು ನಕ್ಷೆ ಮಾಡಿದ. ಜೊತೆಗೆ ಉನಾ ಎಂಬ ನಾಯಿ. ಪಟ್ಟಿಯ ಹೆಸರಲ್ಲಿ ಇಬ್ಬರೂ ಇದ್ದಾರೆ. 1903ರಲ್ಲಿ ಡ್ರಿಲ್ ಇಳಿಸಿದರು. 1911ರಲ್ಲಿ ಕೆನಡಿ ಗಣಿಯಿಂದ ಮೊದಲ ಅದಿರು ಹೊರಟಿತು.

ಆ ಕೆಲಸವನ್ನು ನಾನೂ ಮಾಡಿ ನೋಡಬೇಕೆನಿಸಿತು. ಹಳೆಯ ಡಿಪ್ ನೀಡಲ್ ಒಂದನ್ನು ಕೊಂಡೆ. ಇದರ ಮುಳ್ಳು ಅಡ್ಡಡ್ಡ ತಿರುಗುವುದಿಲ್ಲ, ಮೇಲೆ ಕೆಳಗೆ ತೂಗುತ್ತದೆ. ಉತ್ತರ ದಕ್ಷಿಣಕ್ಕೆ ಹಿಡಿದು ನಿಂತು, ಮುಳ್ಳು ಎಷ್ಟು ಬಾಗಿತು ಎಂದು ಬರೆದುಕೊಂಡು, ಅಳತೆ ಮಾಡಿದಷ್ಟು ಹೆಜ್ಜೆ ಮುಂದೆ ಹೋಗಿ ಮತ್ತೆ ನಿಲ್ಲುವುದು. ಇಲ್ಲಿನ ಬಂಡೆಯ ಪಟ್ಟಿ ಈಶಾನ್ಯದಿಂದ ನೈಋತ್ಯಕ್ಕೆ ಹಾಯುತ್ತದೆ, ಆದ್ದರಿಂದ ಅದನ್ನು ಅಡ್ಡ ಕತ್ತರಿಸುವಂತೆ ನಡೆಯಬೇಕು. ಕಾರು, ತಂತಿ ಬೇಲಿ, ಬೆಲ್ಟಿನ ಬಕಲ್, ಜೇಬಿನ ಫೋನ್ ಎಲ್ಲವೂ ಶತ್ರುಗಳೇ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಜೌಗಿನ ಮೇಲೆ ನಡೆಯುವುದು ಸುಲಭ, ಸೊಳ್ಳೆಯೂ ಇರುವುದಿಲ್ಲ. ಸಮತಟ್ಟು ಹಿಮದ ಮೇಲೆ, ಏನೂ ಕಾಣದ ಜಾಗದಲ್ಲಿ, ಮುಳ್ಳು ನಿಧಾನಕ್ಕೆ ತಲೆ ಬಗ್ಗಿಸುತ್ತದಲ್ವಾ, ಆಗಿನ ಖುಷಿಯೇ ಬೇರೆ.

ಆದರೆ ಮುಳ್ಳು ಬಾಗುವುದು ಮ್ಯಾಗ್ನಟೈಟ್ ಇರುವ ಕಡೆ. ಇಲ್ಲಿನ ಗಣಿಗಳಿಗೆ ಬೇಕಾಗಿದ್ದು ಹೆಚ್ಚಾಗಿ ಕೆಂಪು, ಕಂದು ಅದಿರು. ನೀರು ಮತ್ತು ಆಮ್ಲಜನಕ ಬಂಡೆಯೊಳಗೆ ಇಳಿದು, ಸಿಲಿಕಾ ತೊಳೆದುಹೋಗಿ, ಮ್ಯಾಗ್ನಟೈಟ್ ಹೆಮಟೈಟ್ ಮತ್ತು ಗೋಥೈಟ್ ಆದ ಜಾಗ ಅದು. ಅಲ್ಲಿ ಮುಳ್ಳು ಸುಮ್ನೆ ಇದ್ದುಬಿಡುತ್ತದೆ. ಅಂದರೆ ಜೋರಾಗಿ ಬಾಗಿದ ಜಾಗ ಅದಿರಿನದ್ದಲ್ಲ, ಅದರ ನೆರೆಮನೆಯದ್ದು. ಪಟ್ಟಿ ಎಲ್ಲಿ ಹಾದುಹೋಗುತ್ತದೆ ಎಂದು ಮುಳ್ಳು ಹೇಳಿದರೆ, ಅದಿರು ಎಲ್ಲಿದೆ ಎಂದು ಡ್ರಿಲ್ಲೇ ಹೇಳಬೇಕು.

ಅದಿರು ಸಿಕ್ಕ ಮೇಲೂ ಜಲ್ಲಿ ಸುಮ್ಮನಿರಲಿಲ್ಲ. ನೀರು ತುಂಬಿದ ಮರಳಿನ ಮೂಲಕ ಶಾಫ್ಟ್, ಅಂದರೆ ಗಣಿಗೆ ಇಳಿಯುವ ಬಾವಿಯಂಥ ದಾರಿ, ಇಳಿಸುವುದು ಭಯಂಕರ ಕೆಲಸ. ಮಿಲ್‌ಫೋರ್ಡ್ ಗಣಿಗೆ ನಾನು ಹೋದಾಗ ಇದು ಅರ್ಥವಾಯಿತು. 1924ರ ಫೆಬ್ರವರಿ 5ರಂದು ಅಲ್ಲಿ ಪಕ್ಕದ ಕೆರೆಯ ಕೆಸರು, ನೀರು ಸುರಂಗಕ್ಕೆ ನುಗ್ಗಿತು. 20 ನಿಮಿಷದೊಳಗೆ ಗಣಿ ತುಂಬಿಹೋಯಿತು. 41 ಜನ ಸತ್ತರು, 7 ಜನ ಏಣಿ ಹತ್ತಿ ಬದುಕಿದರು. ಕ್ಲಿಂಟನ್ ಹ್ಯಾರಿಸ್ ಎಂಬ ಕೆಲಸಗಾರ ಮೇಲೆ ಓಡದೆ ಉಳಿದವರಿಗೆ ಎಚ್ಚರಿಕೆ ಕೊಡುತ್ತಾ ಅಲ್ಲೇ ಉಳಿದ. ಈಗ ಅದು ಸ್ಮಾರಕ ಉದ್ಯಾನ, ಹಲಗೆಯ ದಾರಿಯಲ್ಲಿ ಸತ್ತವರ ಹೆಸರುಗಳಿವೆ. ಗಣಿಯಲ್ಲಿ ಕೆಲಸ ಮಾಡಿದವರು ಅಲ್ಲಿ ಬೇಗ ಬೇಗ ನಡೆಯಲಾರರು.

ನಮ್ಮ ಕಡೆಯವರಿಗೆ ಕುತೂಹಲ ಹುಟ್ಟಿಸುವ ಇನ್ನೊಂದು ಸಂಗತಿ ಮ್ಯಾಂಗನೀಸ್. ಕೈಯುನಾ ಅದಿರಿನಲ್ಲಿ ಅದು ಸಾಕಷ್ಟಿದೆ. ಉಕ್ಕಿಗೆ ಮ್ಯಾಂಗನೀಸ್ ಬೇಕೇ ಬೇಕು. ಮೊದಲ ಮಹಾಯುದ್ಧದಲ್ಲಿ ಹಡಗಿನಲ್ಲಿ ಬರುವ ಅದಿರಿಗೆ ಅಡ್ಡಿಯಾದಾಗ ಇಲ್ಲಿನ ಗಣಿಗಳಿಗೆ ಬೆಲೆ ಬಂತು. ಸಂಡೂರಿನ ಮ್ಯಾಂಗನೀಸ್ ಗಣಿಗಳು ಶುರುವಾದದ್ದೂ ಹೆಚ್ಚು ಕಡಿಮೆ ಅದೇ ಕಾಲದಲ್ಲಿ, ಅಲ್ಲಿ ಅಗೆದದ್ದು ಬೆಲ್ಜಿಯಂ ಮೂಲದ ಕಂಪನಿ.

1980ರ ದಶಕಕ್ಕೆ ಇಲ್ಲಿನ ಅದಿರು ಸಾಗಣೆ ನಿಂತಿತು. ಅಷ್ಟರಲ್ಲಿ 10 ಕೋಟಿ ಟನ್ನಿಗೂ ಹೆಚ್ಚು ಅದಿರು ಹೋಗಿತ್ತು. ಗುಂಡಿಗಳಲ್ಲಿ ನೀರು ತುಂಬಿ ತಿಳಿಯಾದ ಸರೋವರಗಳಾಗಿವೆ, ಕ್ರಾಸ್‌ಬಿಯ ಪೋರ್ಟ್ಸ್‌ಮತ್ ಗುಂಡಿಯ ಆಳ 400 ಅಡಿ ದಾಟುತ್ತದೆ. ಸುತ್ತಲಿನ ಕೆಂಪು ಮಣ್ಣಿನ ದಾರಿಗಳಲ್ಲಿ ಈಗ ಜನ ಸೈಕಲ್ ಹೊಡೆಯುತ್ತಾರೆ. ಯಾರಾದರೂ ಆ ಕಡೆ ಬಂದರೆ ಒಂದು ಮಾತು. ರಾಜ್ಯ ಉದ್ಯಾನದೊಳಗಿನ ಕಲ್ಲು ಎತ್ತಿಕೊಳ್ಳಬೇಡಿ. ಹೊರಗಿನ ಜಲ್ಲಿ ಗುಂಡಿಗೆ ಮಾಲೀಕರನ್ನು ಕೇಳಿಯೇ ಇಳಿಯಿರಿ, ಕಡಿದಾದ ಗೋಡೆಯ ಬುಡದಲ್ಲಿ ಕೂರಬೇಡಿ. ಸಿಕ್ಕ ಪ್ರತಿ ಕೆಂಪು ಕಲ್ಲಿನ ಜೊತೆ ಅದರ ಅಕ್ಕಪಕ್ಕದ ಕಲ್ಲುಗಳನ್ನೂ ಬರೆದಿಟ್ಟುಕೊಳ್ಳಿ. ಒಂಟಿ ಕಲ್ಲಿನಿಂದ ನನಗೆ ಇವತ್ತಿಗೂ ದಿಕ್ಕು ಗೊತ್ತಾಗಿಲ್ಲ.