ಕಂಬಳಿ ಹೊದ್ದು ಕೂತ ಮೇಲೆ ಕೊರಳಪಟ್ಟಿ ಓದಿದೆ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ವಲಸೆ ಬರುವ ಪಟ್ಟೆತಲೆ ಹೆಬ್ಬಾತೊಂದರ ಕೊರಳಪಟ್ಟಿ ಓದಲು ನನಗೆ ಮೂರು ಸೀಸನ್ ಹಿಡಿಯಿತು. ಹಕ್ಕಿಯ ಗುರುತಿಗೆ ಅಕ್ಷರ, ಅಂಕಿ ಬರೆದು ಮಂಗೋಲಿಯಾದಲ್ಲಿ ಕುತ್ತಿಗೆಗೆ ಹಾಕಿದ ಹಸಿರು ಪಟ್ಟಿ ಅದು. "ದಂಡಿ ಮ್ಯಾಲಿಂದ ಆಗೂ ಕೆಲಸಲ್ಲ, ಬಿಡ್ರಿ" ಅಂತ ಹುಬ್ಬಳ್ಳಿಯ ಗೆಳೆಯರು ಅಂದಿದ್ದರು. ಈ ಸಲ, ಹೋಳಿ ಹಬ್ಬಕ್ಕೆ ನಾಲ್ಕೈದು ದಿನ ಇರುವಾಗ, ಓದಿಯೇ ಬಂದೆ.

ಮೊದಲ ವರ್ಷ ಅಡಗಿ ಕೂರಲು ಎಲೆಬಣ್ಣದ ಟೆಂಟ್ ತಂದೆ, 3,500 ರೂಪಾಯಿ ಇರಬೇಕು. ಹೆಬ್ಬಾತುಗಳು ಸೀದಾ ಆಚೆ ದಡಕ್ಕೆ ಹೋದವು. ಬೋಳು ದಂಡೆಯಲ್ಲಿ ಬೆಳಗಾಗುವಷ್ಟರಲ್ಲಿ ಪೊದೆ ಎದ್ದರೆ ಅವಕ್ಕೆ ಗೊತ್ತಾಗಲ್ವಾ? ಮರುವರ್ಷ ದೂರದ ಹಕ್ಕಿ ನೋಡುವ ಸೆಕೆಂಡ್ ಹ್ಯಾಂಡ್ ಸ್ಕೋಪ್‌ಗೆ 22 ಸಾವಿರ ಸುರಿದೆ. ಗದಗದಲ್ಲಿ ತಿಂಡಿ ಮುಗಿಸಿ ಹೋಗುವಷ್ಟರಲ್ಲಿ ಹತ್ತು ಗಂಟೆ. ನೀರಿನ ಮೇಲೆ ಬಿಸಿಗಾಳಿ ಕುಣಿಯುತ್ತಿತ್ತು. ಜೂಮ್ ಏರಿಸಿದಷ್ಟೂ ಕುತ್ತಿಗೆಗಳು ಅಲೆಅಲೆಯಾಗಿ ಕಂಡವು. ಪೆಟ್ರೋಲ್ ಖರ್ಚಂತೂ ಬರೆದಿಟ್ಟೇ ಇಲ್ಲ.

ಆಗ ಕಣ್ಣಿಗೆ ಬಿದ್ದದ್ದು ಕುರಿ ಕಾಯುವ ಹಿರಿಯರು. ಅವರು ಹಿಂಡಿನ ಜೊತೆ ದಂಡೆಯಲ್ಲಿ ಹೋದರೆ ಬಾತುಗಳು ಕತ್ತೂ ಎತ್ತುತ್ತಿರಲಿಲ್ಲ. "ಸುಮ್ನ ಕುಂದರ್ರಿ ಸರ. ಅವು ನಿಮ್ಮನ್ನ ನೋಡಿ ಅಲ್ಲ, ನಿಮ್ಮ ಓಡಾಟ ನೋಡಿ ಹಾರ್ತಾವ" ಅಂದರು. ಈ ವರ್ಷ ಮನೆಯಲ್ಲಿದ್ದ ಅಜ್ಜನ ಕಂಬಳಿ ತೆಗೆದೆ. ಕೆರೆಯ ಕಾವಲುಗಾರರಿಗೆ ಹೇಳಿ, ಆರೂವರೆಗೆ ಆ ಹಿರಿಯರ ಕುರಿಹಿಂಡಿನ ಹಿಂದೆಯೇ ನಡೆದು, ಸೂರ್ಯ ಬೆನ್ನಿಗೆ ಬರುವಂತೆ ಪೂರ್ವ ದಡದಲ್ಲಿ ಕೂತೆ. ಕುರಿಗಳು ಮುಂದೆ ಹೋದವು, ನಾನು ಉಳಿದೆ. ಕೂತ ಜಾಗ ಮಾತ್ರ ಹೇಳುವುದಿಲ್ಲ. 2024ರಲ್ಲಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಮೇಲೆ ಭಾನುವಾರ ಜನ ಜಾಸ್ತಿ. ಹೇಳಿದರೆ ಅಲ್ಲಿ ಹತ್ತು ಟ್ರೈಪಾಡ್ ನಿಲ್ಲುತ್ತವೆ.

ಕಾಯುವಾಗ ಇನ್ನೊಂದು ಪ್ರಯೋಗ ಮಾಡಿದೆ. ಹತ್ತು ಹಕ್ಕಿಗೆ ಒಂದು ಕಡಲೆಕಾಳು, ಎಡ ಜೇಬಿನಿಂದ ಬಲ ಜೇಬಿಗೆ. ಕಣ್ಣಂದಾಜಿನಲ್ಲಿ 600 ಅಂದುಕೊಂಡಿದ್ದ ಹಿಂಡು ಕಾಳಿನ ಲೆಕ್ಕಕ್ಕೆ 900ರ ಹತ್ತಿರ ಬಂತು. ಫೋಟೊದಲ್ಲಿ ಎಣಿಸಿದಾಗಲೂ ಸುಮಾರು ಅಷ್ಟೇ.

ಎಂಟರ ಸುಮಾರಿಗೆ ಹೊಲಗಳಿಂದ ಕೊನೆಯ ಗುಂಪು ಇಳಿಯಿತು. ಅದರಲ್ಲಿ ಹಸಿರು ಪಟ್ಟಿಯ ಹಕ್ಕಿ ಇತ್ತು. ರೆಕ್ಕೆ ತೀಡಿಕೊಳ್ಳುತ್ತ ಇಪ್ಪತ್ತು ನಿಮಿಷ ಕತ್ತು ಬಗ್ಗಿಸಿಯೇ ನಿಂತಿತ್ತು. ನೀರು ಕುಡಿದು ಕತ್ತೆತ್ತಿತು ನೋಡಿ, ಮೊದಲು ಅಕ್ಷರ, ಆಮೇಲೆ ಅಂಕಿ! ಅಂಗೈ ಮೇಲೆ ಬರೆದುಕೊಂಡೆ, ನೋಟ್‌ಬುಕ್ ತೆಗೆದರೆ ಕೈ ಅಲ್ಲಾಡುತ್ತದೆ ಅಂತ.

ವಾರ ಬಿಟ್ಟು ಮತ್ತೆ ಹೋದೆ. ಹೆಬ್ಬಾತುಗಳು ಒಂದೂ ಇರಲಿಲ್ಲ. ಅವು ನಿಂತಿದ್ದ ಕೆಸರಿನಲ್ಲಿ ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗಳು ಓಡಾಡುತ್ತಿದ್ದವು.